ಆಮೇಲೆ ನೋಡುವ ಮೇಷ್ಟ್ರು

ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಒಂದು ದಿನದ ಮಟ್ಟಿಗಾದರೂ ನಮ್ಮೂರಿಗೆ ಜಿಲ್ಲಾ ಕೇಂದ್ರದ ಗತ್ತು. ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗಿ ವರ್ಗವಾಗಿ ಚಪ್ಪಲಿ ಸವೆಸಿ, ಕೊನೆಗೆ ಮಧುಗಿರಿಯಲ್ಲೊಂದು ಮನೆ ಕಟ್ಟಿಸಿ, ಹಾರ ಶಾಲು ಹಾಕಿಸಿಕೊಂಡು ನಿವೃತ್ತರಾದ ಮೇಷ್ಟ್ರುಗಳು ಇಲ್ಲಿ ಬೀದಿಗೊಬ್ಬರಿದ್ದಾರೆ. ಅವರಲ್ಲಿ ಒಂದು ಪಂಗಡ ಬೆಳಿಗ್ಗೆ ಏಕಶಿಲಾ ಬೆಟ್ಟದ ಬುಡದವರೆಗೆ ವಾಕಿಂಗ್ ಹೋಗಿ, ಬೆಟ್ಟ ಹತ್ತಿದವರಷ್ಟೇ ಸುಸ್ತಾಗಿ ವಾಪಸು ಬರುತ್ತದೆ. ಇನ್ನೊಂದು ಪಂಗಡ ಸೈಟು, ಚೀಟಿ ಎಂದು ಓಡಾಡುತ್ತದೆ. ಮೂರನೆಯದು ಟೀವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತದೆ. ನಾನು ಹೇಳಹೊರಟಿರುವುದು ಈ ಮೂರನೆಯವರ ಬಗ್ಗೆ. ಹೆಸರು ಬೇಡ, ನಿಮ್ಮ ಬೀದಿಯಲ್ಲಿರುವವರದ್ದೇ ಹಾಕಿಕೊಳ್ಳಿ.

ಮೇಷ್ಟ್ರು ಟೀವಿ ನೋಡುವುದಿಲ್ಲ. ನೋಡುವವರನ್ನು ಕಂಡರೆ ಅವರಿಗೆ ಕನಿಕರ. ರಾತ್ರಿ ಎಂಟರ ಹೊತ್ತಿಗೆ ಅವರ ಮನೆಗೆ ಹೋದರೆ ಮನೆಯಮ್ಮ ಸೊಪ್ಪು ಬಿಡಿಸುತ್ತಾ ಧಾರಾವಾಹಿಯ ಮುಂದೆ ಕೂತಿರುತ್ತಾರೆ. ಮೇಷ್ಟ್ರೂ ಪಕ್ಕದಲ್ಲೇ ಇರುತ್ತಾರೆ, ಆದರೆ ಅವರ ಕಣ್ಣು ತೆರೆಯ ಮೇಲಿಲ್ಲ, ಸೆಟ್‌ಟಾಪ್ ಬಾಕ್ಸಿನ ಮೇಲಿರುವ ಕೆಂಪು ದೀಪದ ಮೇಲೆ. ಆ ದೀಪ ಉರಿಯುತ್ತಿದ್ದರೆ ರೆಕಾರ್ಡ್ ಆಗುತ್ತಿದೆ ಎಂದು ಅರ್ಥ.

"ರೀ, ಒಸಿ ಈ ಕಡೆ ನೋಡ್ರಿ, ಇವತ್ತು ಚೆನ್ನಾಗೈತೆ."

"ಆಗ್ತಾ ಐತಲ್ಲ, ಬಿಡೇ. ಆಮೇಲೆ ನೋಡಿದ್ರಾಯ್ತು. ಜಾಹೀರಾತು ಓಡಿಸ್ಕೊಂಡು ನೋಡ್ಬೋದು."

ಮೊಣಕಾಲ ಮೇಲೆ ನೂರು ಪುಟದ ನೋಟ್‌ಬುಕ್ಕು. ಸ್ಕೇಲು ಇಟ್ಟು ಗೆರೆ ಎಳೆದು ಅಂಕಣ ಮಾಡಿದ್ದಾರೆ: ದಿನಾಂಕ, ಚಾನೆಲ್, ಕಾರ್ಯಕ್ರಮ, ಅವಧಿ, ಷರಾ. ಮೊದಲ ನಾಲ್ಕು ಅಂಕಣದಲ್ಲಿ ದಿನಕ್ಕೊಂದು ವಿವರ. ಷರಾದಲ್ಲಿ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಮಾತು: 'ನೋಡಬೇಕು'. ಅದನ್ನು ಬರೆದು ಬರೆದು ಬೇಸರವಾಗಿ ಈಚೆಗೆ ಕೆಳಗೆ ಕೆಳಗೆ ಎರಡು ಗೆರೆ ಹಾಕಿಕೊಂಡು ಹೋಗಿದ್ದಾರೆ.

ಆಮೇಲೆ ಎಂದರೆ ಯಾವಾಗ ಎಂದು ಕೇಳಿದವರಿಗೆ ಕಾಲಕಾಲಕ್ಕೆ ಉತ್ತರ ಸಿಕ್ಕಿದೆ. ಮಗಳ ಮದುವೆಯೊಂದು ಆಗಲಿ ಎಂದರು, ಆಯಿತು. ಮೇಲಿನ ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಎಂದರು, ಬಾಡಿಗೆದಾರರೂ ಬಂದರು. ರಿಟೈರ್ ಆದ ಮೇಲೆ ಇರುವುದು ಅದೇ ಕೆಲಸ ತಾನೆ ಎಂದರು, ಪೆನ್ಷನ್ನೂ ಬರುತ್ತಿದೆ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಆಗ ಕೂತು ನೋಡಬಹುದು ಎಂದರು. ಆಪರೇಷನ್ ಆಯಿತು, ಡಾಕ್ಟರು ಟೀವಿ ಕಮ್ಮಿ ಮಾಡಿ ಅಂದರು. ಆ ಮಾತನ್ನು ಮೇಷ್ಟ್ರು ಮನೆಗೆ ಬಂದವರಿಗೆಲ್ಲ ಎಷ್ಟು ಖುಷಿಯಿಂದ ಹೇಳುತ್ತಿದ್ದರೆಂದರೆ, ಆಪರೇಷನ್ ಮಾಡಿಸಿಕೊಂಡಿದ್ದೇ ಇದಕ್ಕೇನೋ ಎಂದು ನನಗೆ ಅನುಮಾನ.

ಈ ಕಾಯಿಲೆಗೆ ಮೂಲ ಇಲ್ಲದಿಲ್ಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅದರ ಚಿತ್ರ ಪಾವಗಡದ ಹಳ್ಳಿಗಳವರೆಗೆ ತೆವಳಿಕೊಂಡು ಬರುವ ಹೊತ್ತಿಗೆ ನಮ್ಮ ಮೇಷ್ಟ್ರು ಅಲ್ಲೊಂದು ಶಾಲೆಯಲ್ಲಿ ಹೊಸ ನೌಕರಿಯಲ್ಲಿದ್ದರು. 1987ರ ಜನವರಿಯಲ್ಲಿ ಭಾನುವಾರದ ರಾಮಾಯಣ ಬಂತು. ಊರಿಗೆಲ್ಲ ಒಂದೇ ಟೀವಿ, ಟೀವಿಗೆ ಊದಿನಕಡ್ಡಿ, ಕುಂಕುಮ. ಅವತ್ತು ತಪ್ಪಿದರೆ ತಪ್ಪಿತು, ಮತ್ತೆ ತೋರಿಸುವ ಮಾತೇ ಇಲ್ಲ. ಮೇಷ್ಟ್ರು ಹೇಳುವ ಪ್ರಕಾರ, ಹನುಮಂತ ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡು ಲಂಕೆ ಸುಡುವ ಭಾನುವಾರವೇ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅವತ್ತು ಹೊಕ್ಕ ಭಯ ಇವತ್ತಿಗೂ ಇಳಿದಿಲ್ಲ. ಎರಡು ಇನ್‌ಕ್ರಿಮೆಂಟ್ ಕಂಡ ಮೇಲೆ ಅವರು ಮಾಡಿದ ಮೊದಲ ಕೆಲಸ, ಬೆಂಗಳೂರಿನಿಂದ ವಿಸಿಆರ್ ತಂದಿದ್ದು. ಊರಿನ ಉಳಿದವರು ವಿಸಿಆರನ್ನು ಬಾಡಿಗೆಗೆ ತಂದು ರಾತ್ರಿಯಿಡೀ ರಾಜ್‌ಕುಮಾರ್ ಸಿನಿಮಾ ಹಾಕಿಸಿ ನೋಡುತ್ತಿದ್ದರು. ಸ್ವಂತ ವಿಸಿಆರ್ ಇದ್ದೂ ಏನನ್ನೂ ನೋಡದೆ ಉಳಿದವರು ಇವರೊಬ್ಬರೇ.

ಹೀಗೆ ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಕಳ್ಳತನವೋ ಅಲ್ಲವೋ ಎಂದು ಅಮೆರಿಕದಲ್ಲಿ ಸಿನಿಮಾ ಕಂಪನಿಗಳು ಸೋನಿಯವರ ಮೇಲೆ ದಾವಾ ಹಾಕಿದ್ದವು. ಅಲ್ಲಿನ ಸುಪ್ರೀಂ ಕೋರ್ಟು 1984ರಲ್ಲಿ, ಐದಕ್ಕೆ ನಾಲ್ಕು ಮತದಲ್ಲಿ, ತಪ್ಪಲ್ಲ ಎಂದಿತು. ಜನ ರೆಕಾರ್ಡ್ ಮಾಡುವುದು ಬಿಡುವಾದಾಗ ನೋಡುವುದಕ್ಕೆ ತಾನೆ ಎನ್ನುವುದು ತೀರ್ಪಿನ ಮುಖ್ಯ ಆಧಾರ. ನಮ್ಮ ಮೇಷ್ಟ್ರನ್ನು ಸಾಕ್ಷಿ ಕಟಕಟೆಗೆ ಹತ್ತಿಸಿದ್ದರೆ ಆ ಒಂದು ಮತ ಆ ಕಡೆ ವಾಲಿಬಿಡುತ್ತಿತ್ತು.

ನಮ್ಮದು ಮಳೆ ನೆಚ್ಚಿಕೊಳ್ಳಲಾಗದ ಸೀಮೆ. ಒಂದು ವರ್ಷ ರಾಗಿ ಬೆಳೆದರೆ ಮುಂದಿನದರ ಖಾತ್ರಿಯಿಲ್ಲ. ಅದಕ್ಕೇ ನಮ್ಮ ತಾತಂದಿರು ಮನೆ ಮುಂದೆಯೋ ಕಣದಲ್ಲೋ ಹಗೇವು ತೋಡಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ರಾಗಿಗೆ ಹುಳ ಬೀಳುವುದಿಲ್ಲ, ಕೆಡುವುದಿಲ್ಲ. ತೆಗೆಯುವ ದಿನ ಮಾತ್ರ ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಅವಸರಪಟ್ಟು ಇಳಿದವರು ಮೇಲೆ ಬರಲಿಲ್ಲ. ಮೇಷ್ಟ್ರ ತಾತನಿಗೂ ಹಗೇವಿತ್ತಂತೆ. ಮೊಮ್ಮಗನಿಗೆ ಹಾರ್ಡ್ ಡಿಸ್ಕು ಸಿಕ್ಕಿದೆ.

ಒಳಗೆ ಏನೇನಿದೆ ಎಂಬುದಕ್ಕೆ ನೋಟ್‌ಬುಕ್ಕೇ ಸಾಕ್ಷಿ. ಚಂದನದ 'ಥಟ್ ಅಂತ ಹೇಳಿ' ಇದೆ. 2002ರಿಂದ ನಾ. ಸೋಮೇಶ್ವರರು ಪ್ರಶ್ನೆ ಕೇಳುತ್ತಲೇ ಇದ್ದಾರೆ, ಸರಿಯುತ್ತರ ಹೇಳಿದವರಿಗೆ ಪುಸ್ತಕ ಕೊಡುತ್ತಲೇ ಇದ್ದಾರೆ. ಥಟ್ ಅಂತ ಹೇಳಬೇಕಾದದ್ದನ್ನು ಮೇಷ್ಟ್ರು ಮೂರು ವರ್ಷ ಮುಂದೂಡಿ ಇಟ್ಟಿದ್ದಾರೆ. ಸೀತಾರಾಮ್ ಅವರ ಧಾರಾವಾಹಿ ಎಂದರೆ ಮೇಷ್ಟ್ರಿಗೆ 'ಮಾಯಾಮೃಗ'ದ ಕಾಲದಿಂದಲೂ ಪ್ರಾಣ, ಅಂದರೆ ಬಿಡದೆ ರೆಕಾರ್ಡ್ ಮಾಡುವಷ್ಟು. 2018ರಲ್ಲಿ ಶುರುವಾದ 'ಮಗಳು ಜಾನಕಿ' 2020ರಲ್ಲಿ ನಿಂತೂ ಹೋಯಿತು. ಮೇಷ್ಟ್ರ ಬಾಕ್ಸಿನಲ್ಲಿ ಜಾನಕಿ ಇನ್ನೂ ಮೊದಲ ವಾರದಲ್ಲೇ ಇದ್ದಾಳೆ. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡು, ಎರಡು ದಿನ ಇದ್ದು, ಬಹುಮತ ಸಾಬೀತಿಗೆ ಮುಂಚೆಯೇ ರಾಜೀನಾಮೆ ಕೊಟ್ಟ ಅಷ್ಟೂ ಹೊತ್ತಿನ ಸುದ್ದಿ ಚಾನೆಲಿನ ಚರ್ಚೆ ಹಾಗೇ ಇದೆ. "ಅದನ್ನೇನ್ಮಾಡ್ತೀರಿ ಮೇಷ್ಟ್ರೇ, ಆಮೇಲೆ ಎಷ್ಟು ಸರ್ಕಾರ ಬಂದೋದ್ವು" ಎಂದರೆ, "ನೋಡ್ಬೇಕು, ಅವತ್ತು ಏನಾಯ್ತು ಅಂತ ಸರಿಯಾಗಿ ತಿಳ್ಕೊಬೇಕು" ಎನ್ನುತ್ತಾರೆ.

ಆರ್‌ಸಿಬಿಯ ಕತೆ ಸ್ವಲ್ಪ ನೋವಿನದು. 2016ರ ಮೇ 29ರಂದು ಚಿನ್ನಸ್ವಾಮಿಯಲ್ಲಿ ಎಂಟು ರನ್ನಿನಿಂದ ಸೋತ ಫೈನಲ್ಲನ್ನು ಮೇಷ್ಟ್ರು ಪೂರ್ತಿ ಹಿಡಿದಿಟ್ಟಿದ್ದರು. ಆಮೇಲಿನ ವರ್ಷಗಳ ಸೋಲುಗಳೂ ಒಂದರ ಹಿಂದೊಂದು ಬಂದು ಸೇರಿಕೊಂಡವು. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗೆದ್ದ ದಿನ ಬಾಕ್ಸಿನಲ್ಲಿ ಜಾಗವಿರಲಿಲ್ಲ. ಹಳೆಯ ಸೋಲುಗಳು ತುಂಬಿಕೊಂಡು ಗೆಲುವಿಗೆ ಬಾಗಿಲು ಮುಚ್ಚಿದ್ದವು. ರೆಕಾರ್ಡ್ ಆಗುತ್ತಿಲ್ಲವಲ್ಲ ಎಂಬ ಸಂಕಟದಲ್ಲಿ ಮೇಷ್ಟ್ರು ಆ ಒಂದು ಮ್ಯಾಚನ್ನು ಮಾತ್ರ ಕಣ್ಣಾರೆ ನೋಡಿದರು.

ಜಾಗ ಖಾಲಿ ಮಾಡಬಹುದಲ್ಲ ಎನ್ನುತ್ತೀರಿ. ಮನೆಯಮ್ಮನೂ ಅದನ್ನೇ ಹೇಳುತ್ತಾರೆ. ಮೇಷ್ಟ್ರ ತರ್ಕ ಬೇರೆ: ನೋಡಿದ್ದನ್ನು ಅಳಿಸಬಹುದು, ನೋಡದೆ ಇರುವುದನ್ನು ಅಳಿಸುವುದು ಹೇಗೆ? ಒಂದನ್ನೂ ನೋಡಿಲ್ಲವಾದ್ದರಿಂದ ಒಂದನ್ನೂ ಅಳಿಸುವಂತಿಲ್ಲ. ಒಂದು ಭಾನುವಾರ ಹಠ ತೊಟ್ಟು, ಪೋರ್ಷನ್ ಮುಗಿಸಲು ವಿಶೇಷ ತರಗತಿ ತೆಗೆದುಕೊಳ್ಳುವ ಹುಮ್ಮಸ್ಸಿನಲ್ಲಿ ಬೆಳಿಗ್ಗೆಯೇ ಕೂತರು. ಮಧ್ಯಾಹ್ನದ ಮುದ್ದೆ ಊಟದವರೆಗೆ ನೋಡಿದ್ದು ಒಂದೂವರೆ ಕಂತು. ಅದರಲ್ಲಿ ಮುಕ್ಕಾಲು ಕಂತು ಪದೇ ಪದೇ ಹಿಂದಕ್ಕೆ ಓಡಿಸಿ ನೋಡಿದ್ದು, ಇವಳು ಯಾರ ಸೊಸೆ ಎಂದು ಗೊತ್ತಾಗದೆ. ಅಷ್ಟರಲ್ಲಿ ಹಿಂದುಗಡೆ ಬಾಕ್ಸು ಎರಡು ಹೊಸ ಕಾರ್ಯಕ್ರಮ ಹಿಡಿದಿಟ್ಟಿತ್ತು. ಮೇಷ್ಟ್ರು ಹೇಳಿಕೊಟ್ಟದ್ದು ಗಣಿತ, ಕೂಡಲೇ ಪೆನ್ಸಿಲ್ ತೆಗೆದರು. ದಿನಕ್ಕೆ ಐದು ಧಾರಾವಾಹಿ, ತಲಾ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದರೆ ವರ್ಷಕ್ಕೆ 650 ಗಂಟೆ, ಕ್ವಿಜ್ಜು, ಸುದ್ದಿ, ಕ್ರಿಕೆಟ್ ಬಿಟ್ಟು. ಲೆಕ್ಕ ಸರಿಯಾಗಿ ಬಂದ ಸಮಾಧಾನದಲ್ಲಿ ನಿದ್ದೆ ಹೋದರು.

ಕರೆಂಟು ಬೇರೆ ಅವರಿಗೆ ಸಹಾಯ ಮಾಡುತ್ತದೆ. ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿ ಲೋಟ ಎತ್ತಿದಳು ಎನ್ನುವಾಗ ಕರೆಂಟು ಹೋಗಿ, ರೆಕಾರ್ಡು ಅಲ್ಲಿಗೇ ತುಂಡಾಗಿರುತ್ತದೆ. ಅಂಥವಕ್ಕೆ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ. "ಪೂರ್ತಿ ಇಲ್ಲ, ಅರ್ಧಂಬರ್ಧ ನೋಡಬಾರದು. ಮರುಪ್ರಸಾರ ಬಂದಾಗ ಪೂರ್ತಿ ಮಾಡ್ಕೊಂಡು ಒಟ್ಟಿಗೆ ನೋಡ್ಬೇಕು."

ಮೇಷ್ಟ್ರು ಒಬ್ಬಂಟಿಯಲ್ಲ. ಅವರ ಷಡ್ಡಕ ಪಾವಗಡದ ತಿರುಮಣಿ ಕಡೆಯವರು. ಅಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಾಗ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ಷಡ್ಡಕರಿಗೀಗ ಕಡಲೆಕಾಯಿ ಬಿತ್ತುವ ಕೆಲಸವಿಲ್ಲ, ಮೋಡ ನೋಡುವ ಕೆಲಸವೂ ಇಲ್ಲ. ಇಷ್ಟು ಬಿಡುವಿರುವ ಮನುಷ್ಯ ನೋಡಿ ಮುಗಿಸಬೇಕಿತ್ತು. ಆದರೆ ಪಾವಗಡದ ಮೂರು ದಿಕ್ಕಿಗೂ ಆಂಧ್ರ, ಮನೆಯಲ್ಲಿ ಎರಡು ಭಾಷೆ. ಕನ್ನಡದ ಬಾಕಿಯ ಜೊತೆಗೆ ತೆಲುಗಿನ ಬಾಕಿಯೂ ಇದೆ. ಇಬ್ಬರು ಷಡ್ಡಕರು ಶನಿಮಹಾತ್ಮನ ಗುಡಿಯಲ್ಲಿ ಸಿಕ್ಕಾಗ ಎಳ್ಳೆಣ್ಣೆ ದೀಪ ಹಚ್ಚಿ, ಯಾರದು ಎಷ್ಟು ಗಂಟೆ ಬಾಕಿ ಎಂದು ಪರಸ್ಪರ ವಿಚಾರಿಸಿಕೊಳ್ಳುತ್ತಾರೆ.

ಶಿರಾದ ಬೀಗರು ಕಡಲೆಕಾಯಿಯ ಎಲೆಚುಕ್ಕೆ ರೋಗದ ಬಗ್ಗೆ ಕೃಷಿ ಕಾರ್ಯಕ್ರಮವೊಂದನ್ನು ಹಿಡಿದಿಟ್ಟಿದ್ದರು. ಅದನ್ನು ನೋಡುವ ಹೊತ್ತಿಗೆ ಅವರು ಕಡಲೆಕಾಯಿ ಬಿಟ್ಟು ಅಡಿಕೆ ಹಾಕಿ, ಗಿಡ ಆಳೆತ್ತರವಾಗಿತ್ತು. ಕೊರಟಗೆರೆಯಲ್ಲಿರುವ ಮಗಳದು ಅಡುಗೆ ಕಾರ್ಯಕ್ರಮಗಳ ಸಂಗ್ರಹ. ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಯ ದರ್ಶನ, ಉಳಿದ ದಿನ ಅನ್ನ, ತಿಳಿಸಾರು.

ಒಮ್ಮೆ ನಾನು ಮೇಷ್ಟ್ರಿಗೆ ಅಮೆರಿಕದ ಮರಿಯನ್ ಸ್ಟೋಕ್ಸ್ ಎಂಬಾಕೆಯ ವಿಷಯ ಹೇಳಿದೆ. ಫಿಲಡೆಲ್ಫಿಯಾದ ಆ ಹೆಂಗಸು 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲೂ ರಾತ್ರಿ ಟೀವಿ ಸುದ್ದಿಯನ್ನು ರೆಕಾರ್ಡ್ ಮಾಡಿದರು. ಕ್ಯಾಸೆಟ್ಟುಗಳು ಸುಮಾರು 70 ಸಾವಿರ. ಅವುಗಳನ್ನಿಡಲು ಬೇರೆ ಮನೆಗಳನ್ನೇ ಮಾಡಿದ್ದರು. ಚಾನೆಲಿನವರೇ ಉಳಿಸಿಕೊಳ್ಳದ ಎಷ್ಟೋ ಸುದ್ದಿ ಆಕೆಯ ಹತ್ತಿರ ಉಳಿದದ್ದರಿಂದ ಈಗ ಅದನ್ನೆಲ್ಲ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ವಹಿಸಿಕೊಂಡಿದೆ. ಮೇಷ್ಟ್ರ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡೆಯಾ?" ಎಂದರು.

"ಕೇಳಿಸ್ಕೊಂಡೆ. ಆಯಮ್ಮಂಗೆ ಮನೆ ಗುಡಿಸೋ ಕೆಲಸ ಇರ್ಲಿಲ್ಲ ಅಂತ ಕಾಣುತ್ತೆ."

ಮೇಷ್ಟ್ರ ಕ್ಯಾಸೆಟ್ಟುಗಳಿಗೆ ಆ ಭಾಗ್ಯ ಬರಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ವಿಸಿಆರ್ ಕೆಟ್ಟು ಕಾಲವಾಯಿತು. ಪ್ರಪಂಚದಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಕೈ ಚೆಲ್ಲಿತು. ಆ ಸುದ್ದಿಯನ್ನೂ ಮೇಷ್ಟ್ರು ರೆಕಾರ್ಡ್ ಮಾಡಿದ್ದರಂತೆ.

ಹಗೇವು ತೆಗೆಯುವುದು ಬರ ಬಂದಾಗ. ಟೀವಿಗೆ ಬರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. 2020ರ ಮಾರ್ಚಿನಲ್ಲಿ ಅದೂ ಬಂತು. ಲಾಕ್‌ಡೌನ್ ಆಗಿ ಶೂಟಿಂಗ್ ನಿಂತು, ಚಾನೆಲುಗಳ ಹತ್ತಿರ ಹೊಸ ಕಂತಿಲ್ಲದೆ ಹಳೆಯದನ್ನೇ ತಿರುಗಿಸಿ ಹಾಕತೊಡಗಿದವು. ಬೀದಿಯಲ್ಲಿ ಪೊಲೀಸರು, ಮನೆಯಲ್ಲಿ ಜನ, ನೋಡಲು ಏನೂ ಇಲ್ಲ. ಮೇಷ್ಟ್ರ ಜೀವಮಾನದ ದೂರದೃಷ್ಟಿಗೆ ಇದೇ ಪರೀಕ್ಷೆ. ಮನೆಯಮ್ಮ ಸೆರಗು ಕಟ್ಟಿಕೊಂಡು ಮುಂದೆ ಕೂತು, "ಈಗ ಹಾಕಿ ನೋಡಾನ, ಅದೇನು ಕೂಡಿಟ್ಟಿದ್ದೀರೋ" ಎಂದರು. ಮೇಷ್ಟ್ರು ರಿಮೋಟು ಕೈಗೆತ್ತಿಕೊಂಡರು, ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓಡಿಸಿದರು, ಕೆಳಗಿಂದ ಮೇಲಕ್ಕೂ ಓಡಿಸಿದರು. ಅಷ್ಟರಲ್ಲಿ, ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಬರುತ್ತದೆ ಎಂದು ಸುದ್ದಿ. ಮೂವತ್ತಮೂರು ವರ್ಷದ ಹಿಂದೆ ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಪರಿಹಾರ ಸಿಗುವ ಕಾಲ.

ದೇಶವೇ ಕೂತು ನೋಡಿತು. ಮೇಷ್ಟ್ರು ಕೂತು ರೆಕಾರ್ಡ್ ಮಾಡಿದರು. ಲಂಕಾದಹನದ ದಿನ ಮನೆಯಮ್ಮ ಕೈ ಮುಗಿದುಕೊಂಡು ಕೂತಿದ್ದರೆ, ಮೇಷ್ಟ್ರು ಹೊರಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. "ಒಳಗೆ ಬನ್ರೀ, ಹನುಮಂತ ಬೆಂಕಿ ಹಚ್ತಾವ್ನೆ!" "ಹಚ್ಲಿ ಬಿಡೇ. ಈ ಸಲ ಎಲ್ಲೂ ಹೋಗಲ್ಲ."

ಈಗ ಮೊಮ್ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ತಾತನಿಗೆ ಬುದ್ಧಿ ಹೇಳುತ್ತಾನೆ. "ಇದೆಲ್ಲ ಯಾಕೆ ತಾತ? ಫೋನಲ್ಲಿ ಎಲ್ಲಾ ಯಾವಾಗ ಬೇಕಾದ್ರೂ ಸಿಗುತ್ತೆ." ಎಲ್ಲವೂ ಯಾವಾಗಲೂ ಸಿಗುವುದಾದರೆ ಕೂಡಿಡುವುದೇನು ಎಂದು ಮೇಷ್ಟ್ರಿಗೆ ದಿಗಿಲು. ಆದರೆ ಹುಡುಗನ ಫೋನು ಇಸಕೊಂಡು ನೋಡಿದಾಗ ದಿಗಿಲು ಹೋಯಿತು. 'ಆಮೇಲೆ ನೋಡಲು' ಎಂದು ಅವನು ಗುರುತು ಹಾಕಿಟ್ಟ ಸಿನಿಮಾ, ಸೀರೀಸು, ಪಾಠ, ಭಾಷಣಗಳ ಪಟ್ಟಿ ಬೆರಳಿನಲ್ಲಿ ತಳ್ಳಿದಷ್ಟೂ ಮುಗಿಯಲಿಲ್ಲ. ನೋಟ್‌ಬುಕ್ ಇಟ್ಟಿಲ್ಲ ಎಂಬುದೊಂದೇ ಅವರ ಆಕ್ಷೇಪಣೆ. ಅವನು ಬೆಂಗಳೂರಿಗೆ ಹೊರಡುವಾಗ ಒಂದು ಕೊಡಿಸಿ ಕಳಿಸಿದರು.

ಹೋದ ಬೇಸಿಗೆಯಲ್ಲಿ ಒಂದು ಗುಡುಗು ಮಳೆಯ ರಾತ್ರಿ ಬಾಕ್ಸು ಟಪ್ ಎಂದು ಆರಿಹೋಯಿತು. ಮಾರನೆಯ ದಿನ ಡಿಶ್ ಹುಡುಗ ಬಂದು, ತಿರುಪು ಬಿಚ್ಚಿ ನೋಡಿ, ತಲೆ ಅಲ್ಲಾಡಿಸಿದ. ಹಾರ್ಡ್ ಡಿಸ್ಕ್ ಹೋಗಿದೆ, ಒಳಗಿನದು ಒಂದೂ ಬರುವುದಿಲ್ಲ, ಹೊಸ ಬಾಕ್ಸೇ ಹಾಕಬೇಕು. ಮೇಷ್ಟ್ರು ಕುರ್ಚಿಯಲ್ಲಿ ಸುಮ್ಮನೆ ಕೂತುಬಿಟ್ಟರು. ಹುಡುಗನಿಗೆ ಪಾಪ ಅನ್ನಿಸಿತು, ಅವನು ಅವರದೇ ವಿದ್ಯಾರ್ಥಿಯ ಮಗ.

"ಒಳಗಡೆ ಮುಖ್ಯವಾದ್ದು ಏನಾದ್ರೂ ಇತ್ತಾ ಸಾ?"

ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಅಡುಗೆಮನೆಯಿಂದ ಉತ್ತರ ಬಂತು.

"ನೋಡಿದ್ರಲ್ವೇನಪ್ಪ ಗೊತ್ತಾಗೋದು!"

ಮೇಷ್ಟ್ರು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡು, ಹೊಸ ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆಯಲು ಸ್ಕೇಲು ಹುಡುಕುತ್ತಾ ಹುಡುಗನನ್ನು ಕೇಳಿದರು:

"ಈ ಹೊಸದು ಎಷ್ಟು ಗಂಟೆ ಹಿಡಿಯುತ್ತಪ್ಪ?"