ಫಾರ್ಮ್ 80 ಸಾಹೇಬರಿಗೆ ಬೀಗರ ಬಿನ್ನಹ

ಮಾನ್ಯ ಫಾರ್ಮ್ 80 ಸಾಹೇಬರೇ,

ಆಸ್ಟ್ರೇಲಿಯಾದಲ್ಲಿರುವ ಗಂಡನ ಬಳಿಗೆ ಹೊರಟ ನಮ್ಮ ಹುಡುಗಿಯ ಪೂರ್ವಾಪರ ವಿಚಾರಿಸಲು ವೀಸಾ ಅರ್ಜಿಯ ಜೊತೆಗಿನ ನಮೂನೆಯಾದ ತಾವು ಆಳಂದದವರೆಗೂ ದಯಮಾಡಿಸಿದ್ದೀರಿ. ಅರ್ಜಿ ಶುಲ್ಕವೇ 9,000 ಡಾಲರ್ ದಾಟಿದೆಯಂತೆ. ಅಷ್ಟು ಕೊಟ್ಟಮೇಲೆ ಒಂದು ಪ್ರಶ್ನೆಯನ್ನೂ ಬಿಡಬಾರದೆಂದು ಅಫಜಲಪುರ, ಜೇವರ್ಗಿಯ ಬೀಗರೂ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ.

ಹುಟ್ಟಿದ ತಾರೀಖು: ಅಪ್ಪನದು ಜೂನ್ 1, ಅವ್ವನದು ಜೂನ್ 1, ದೊಡ್ಡಣ್ಣನದೂ ಅದೇ. ಸಂಶಯ ಬೇಡ, ಸಾಲಿಗೆ ಹಚ್ಚುವಾಗ ಮಾಸ್ತರು ಬರೆದದ್ದು. ಅಪ್ಪ ಹುಟ್ಟಿದ್ದು 1955ರಲ್ಲಿ, ಹೈದರಾಬಾದ್ ರಾಜ್ಯದಲ್ಲಿ. ಮರುವರ್ಷ ಅದೇ ಮನೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಕರ್ನಾಟಕವಾಯಿತು. 2014ರಲ್ಲಿ ಗುಲ್ಬರ್ಗ ಹೋಗಿ ಜಿಲ್ಲೆ ಕಲಬುರಗಿ ಆಯಿತು. ಇಷ್ಟೆಲ್ಲ ತಿರುಗಾಟ ಮಾಡಿದರೂ ಆತ ಹನುಮಪ್ಪನ ಗುಡಿ ಓಣಿ ಬಿಟ್ಟು ಕದಲಿದವನಲ್ಲ.

ಗಂಡನ ಪೂರ್ಣ ಹೆಸರು ಹೇಳವ್ವಾ ಎಂದರೆ ಹುಡುಗಿಯ ಅವ್ವ ಸೆರಗು ಬಾಯಿಗೆ ಹಿಡಿದಳು. ಒಡಪು ಹಾಕಿ ಹೇಳುತ್ತಾಳಂತೆ. ತಮ್ಮ ಸಣ್ಣ ಚೌಕಗಳಲ್ಲಿ ಒಡಪು ಹಿಡಿಸುವುದಿಲ್ಲ, ದಯಮಾಡಿ ಜಾಗ ಹೆಚ್ಚಿಸಿ.

ಡಿಗ್ರಿ ಮುಗಿದಂದಿನಿಂದ ಮದುವೆಯವರೆಗೆ ಏನು ಮಾಡುತ್ತಿದ್ದಳು? ನಡುವೆ ತೆರಪು ಬಿಡುವಂತಿಲ್ಲ ಎನ್ನುತ್ತೀರಿ. ಬಿಟ್ಟಿದ್ದರಲ್ಲವೇ! ನಸುಕಿಗೆ ಎದ್ದು ರೊಟ್ಟಿ ಬಡಿಯುವುದು, ದನದ ಕಸ, ತೊಗರಿ ರಾಶಿಯ ಹೊತ್ತಿಗೆ ಹೊಲಕ್ಕೆ ಬುತ್ತಿ, ಬಂದವರಿಗೆಲ್ಲ ಚಹಾ. ಇಷ್ಟನ್ನೂ ಕೇಳಿಸಿಕೊಂಡ ವೀಸಾ ಏಜೆಂಟ್ ನಿರುಮ್ಮಳವಾಗಿ ‘ನಿರುದ್ಯೋಗಿ’ ಎಂದು ಬರೆದ. ‘ಈ ಮನ್ಯಾಗ ನಿರುದ್ಯೋಗಿ ಯಾರಂತ ನಾ ಹೇಳ್ಲೇನು?’ ಎಂದು ಅಜ್ಜಿ ಕಟ್ಟೆಯ ಕಡೆ ನೋಡಿದಳು. ನಾವೆಲ್ಲ ಮಳೆ ಬರುವುದೋ ಇಲ್ಲವೋ ಎಂದು ಆಕಾಶ ನೋಡಿದೆವು.

ಸಂಬಂಧ ಖರೆಯೆಂದು ತೋರಿಸಲು ಹಣಕಾಸು, ಸಂಸಾರ, ಸಮಾಜ, ಬದ್ಧತೆ ಎಂಬ ನಾಲ್ಕು ಬಗೆಯ ಪುರಾವೆ ಬೇಕಂತೆ. ಬ್ಯಾಂಕ್ ಖಾತೆ ಅವಳ ಹೆಸರಲ್ಲೇ ಇದೆ. ಪಾಸ್‌ಬುಕ್ ಅಪ್ಪನ ಅಂಗಿ ಕಿಸೆಯಲ್ಲಿದೆ. ಗಂಡ-ಹೆಂಡಿರ ಫೋಟೊ ಘತ್ತರಗಿ ಭಾಗ್ಯವಂತಿ ಗುಡಿ ಮುಂದೆ ತೆಗೆಸಿದ್ದುಂಟು, ನಡುವೆ ನಾವೆಲ್ಲ ನಿಂತಿದ್ದೇವೆ. ಸಾಕ್ಷಿಗೆ ಇಬ್ಬರೇ ಏಕೆ, ಹುಗ್ಗಿ ಉಂಡು ಹೋದ ಮೂರು ತಾಲ್ಲೂಕೇ ಇದೆ.

ಮೊದಲ ಭೇಟಿ ಯಾವಾಗ, ಎಲ್ಲಿ? ಜೇವರ್ಗಿಯಲ್ಲಿ, ಅವಳ ತೊಟ್ಟಿಲ ಕಾರ್ಯದ ದಿನ. ಹುಡುಗ ಅವಳ ಸೋದರತ್ತೆಯ ಮಗ. ಅವತ್ತೇ ಮಾತಾಗಿತ್ತು. ಹುಡುಗನ ಕಡೆಯ ಜಮೀನು, ಚಟ, ಸಾಲವನ್ನು ಮೂರು ತಲೆಮಾರು ಹಿಂದಕ್ಕೆ ಹೋಗಿ ಜಾಲಾಡಿದವರು ನಾವು. ಹತ್ತು ವರ್ಷದ ವಿಳಾಸ ಕೇಳಿ ಸುಮ್ಮನಾಗುವ ತಾವು ಏನೂ ಅಲ್ಲ.

ಆದರೆ ಸಾಹೇಬರೇ, ಒಂದು ಎಡವಟ್ಟಾಗಿದೆ. ನಿಮ್ಮ ಸಂಬಂಧ ಹೇಗೆ ಬೆಳೆಯಿತು, ನಿಮ್ಮ ಮಾತಿನಲ್ಲೇ ಬರೆದುಕೊಡಿ ಎಂದು ಅರ್ಜಿಯಲ್ಲಿ ಹುಡುಗಿಯನ್ನೇ ಕೇಳಿದ್ದಾರೆ. ಇಷ್ಟು ಮಂದಿ ಹಿರಿಯರಿದ್ದು ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ನಾವೇ ಹೇಳಿ ಬರೆಸುತ್ತೇವೆ ಎಂದರೆ ಒಪ್ಪುತ್ತಿಲ್ಲ. ಒಳಗೆ ಕೂತು ಬರೆಯುತ್ತಿದ್ದಾಳೆ, ಮತ್ತೆ ಹಾಳೆ ಬೇಕೆಂದಿದ್ದಾಳೆ, ನಾವು ಓದಬಾರದಂತೆ. ಹಿರಿಯರ ಸಹಿಯಿಲ್ಲದೆ ಆ ಹಾಳೆಗಳು ಊರ್ಜಿತವೇ? ಬೇಗ ತಿಳಿಸಬೇಕು, ಅಪ್ಪ ಬಾಗಿಲು ಬಡಿಯುತ್ತಿದ್ದಾನೆ.

ಇಂತಿ,
ಕಟ್ಟೆಯ ಮೇಲಿನ ಬೀಗರು