ಫಾರ್ಮ್-4ರ ಗಡಿಯಾರಕ್ಕೆ ಮಳೆಗಾಲವಿಲ್ಲ

ಪುತ್ತೂರು, ಸುಳ್ಯ, ಕಡಬದ ಕಡೆ ಸರ್ಕಾರಿ ಬಸ್ಸು ಹತ್ತುವವರಿಗೆ ಡ್ರೈವರ್ ಗೊತ್ತು, ಕಂಡಕ್ಟರ್ ಗೊತ್ತು. ಚಿಲ್ಲರೆ ವಿಷಯಕ್ಕೋ ಸ್ಟಾಪಿನ ವಿಷಯಕ್ಕೋ ಇಬ್ಬರ ಜೊತೆಗೂ ಒಮ್ಮೆಯಾದರೂ ಜಟಾಪಟಿ ಆಗಿರುತ್ತದೆ. ಆ ಇಬ್ಬರನ್ನೂ ಓಡಿಸುವ ಮೂರನೆಯ ಆಸಾಮಿಯನ್ನು ಮಾತ್ರ ನೋಡಿದವರು ಕಡಿಮೆ. ಅದೊಂದು ಹಾಳೆ. ಕೆಎಸ್ಆರ್‌ಟಿಸಿಯವರು ಫಾರ್ಮ್-4 ಎನ್ನುತ್ತಾರೆ. ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಎಷ್ಟಕ್ಕೆ ಮುಟ್ಟಬೇಕು, ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್, ಸ್ಟೇರಿಂಗ್ ಹಿಡಿದ ಹೊತ್ತೆಷ್ಟು, ಓಟಿ ಉಂಟೋ ಇಲ್ಲವೋ, ಎಲ್ಲವೂ ಅದರ ಮೇಲೆ. ಈ ಹಾಳೆ ಅವೈಜ್ಞಾನಿಕ ಎಂದು ನೌಕರರು ವರ್ಷಗಟ್ಟಲೆಯಿಂದ ಬೈಯುತ್ತಿದ್ದಾರೆ. ಆರೋಪಿಯ ಹೇಳಿಕೆಯನ್ನು ಯಾರೂ ಪಡೆದಿರಲಿಲ್ಲ. ಡಿಪೋದ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಅದು ಮಾತಿಗೆ ಒಪ್ಪಿತು. ಮೊದಮೊದಲು ಸುತ್ತೋಲೆಯ ಕನ್ನಡದಲ್ಲಿತ್ತು, ಸಿಟ್ಟು ಬಂದ ಮೇಲೆ ಪುತ್ತೂರಿನ ಕನ್ನಡಕ್ಕೆ ಇಳಿಯಿತು.

ನಾವು: ನಮಸ್ಕಾರ. ನಿಮ್ಮ ಪರಿಚಯ?

ಫಾರ್ಮ್-4: ಸದರಿ ನಾನು ಅನುಸೂಚಿಯ ಮೂಲ ದಾಖಲೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಬಸ್ಸು ಬಿಟ್ಟಿತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ನಿಗಮದ ಹೆಸರೂ ಬದಲಾಯಿತು. ಇಷ್ಟು ವರ್ಷಗಳಲ್ಲಿ ನಾನು ತಪ್ಪು ಮಾಡಿದ ದಾಖಲೆ ಇರುವುದಿಲ್ಲ.

ನಾವು: ತಪ್ಪು ಇಲ್ಲವೋ, ದಾಖಲೆ ಇಲ್ಲವೋ?

ಫಾರ್ಮ್-4: ಮುಂದಿನ ಪ್ರಶ್ನೆ.

ನಾವು: ಒಬ್ಬ ಡ್ರೈವರ್ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು?

ಫಾರ್ಮ್-4: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ನನಗೆ ಬಾಯಿಪಾಠ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಮಾರ್ಗವೋ ಹಬ್ಬದ ದಟ್ಟಣೆಯೋ ಆದರೆ ಅನುಮತಿ ಪಡೆದು ಸ್ವಲ್ಪ ಎಳೆಯಬಹುದು, ಆದರೂ ದಿನಕ್ಕೆ 10, ವಾರಕ್ಕೆ 54 ದಾಟಬಾರದು. 5 ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ಬಿಡುವೆಲ್ಲ ಸೇರಿ ಡ್ಯೂಟಿಯ ಹರವು 12 ಗಂಟೆಯೊಳಗೆ. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 9 ಗಂಟೆ ವಿಶ್ರಾಂತಿ. ಹೆಚ್ಚು ದುಡಿಸಿದರೆ ದುಪ್ಪಟ್ಟು ದರದಲ್ಲಿ ಓಟಿ. ಆ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆ ನುಂಗಿದೆ, 2025ರ ನವೆಂಬರ್ 21ರಿಂದ. ಆದರೆ 8 ಗಂಟೆ ಎನ್ನುವುದು ಅದಕ್ಕೂ ಜೀರ್ಣವಾಗಿಲ್ಲ, ಹಾಗೇ ಉಳಿದಿದೆ.

ನಾವು: ನೀವು ಪಾಲಿಸುತ್ತೀರಾ?

ಫಾರ್ಮ್-4: ನನ್ನ ಕೊನೆಯ ಕಾಲಂ ಓದಿ. 7 ಗಂಟೆ 50 ನಿಮಿಷ. ಕಾನೂನಿಗಿಂತ 10 ನಿಮಿಷ ಕಡಿಮೆಯೇ ದುಡಿಸುತ್ತೇನೆ. ಇಷ್ಟು ದಯೆ ಯಾವ ಧಣಿಗಿದೆ?

ನಾವು: ಬೆಳಿಗ್ಗೆ ಐದೂವರೆಗೆ ಡಿಪೋಗೆ ಬಂದ ಮನುಷ್ಯ ಸಂಜೆ ಆರೂವರೆಗೂ ಅಲ್ಲೇ ಇದ್ದಾನಲ್ಲ?

ಫಾರ್ಮ್-4: ಇದ್ದಾನೆ. ಕೆಲಸದಲ್ಲಿ ಇದ್ದಾನೆ ಎಂದು ಹೇಳಿದ್ದು ಯಾರು? ಚಕ್ರ ತಿರುಗಿದರೆ ಕೆಲಸ. ಟೈರಿನ ಗಾಳಿ ನೋಡಿದ್ದು, ಡೀಸೆಲಿಗೆ ಕ್ಯೂ ನಿಂತದ್ದು, ಕಂಡಕ್ಟರ್ ಟಿಕೆಟ್ ಮಿಷನ್ ಪಡೆದದ್ದು, ಸ್ಟ್ಯಾಂಡಿನಲ್ಲಿ ಮುಂದಿನ ಟ್ರಿಪ್ಪಿಗೆ ಕಾದದ್ದು, ಸಂಜೆ ಕ್ಯಾಶ್ ಕಟ್ಟಲು ಕಿಟಕಿಯೆದುರು ನಿಂತದ್ದು, ಇವೆಲ್ಲ ಲೋಕವ್ಯವಹಾರ. ಕೆಲವಕ್ಕೆ ನಾಲ್ಕು ನಿಮಿಷ ಕೊಟ್ಟಿದ್ದೇನೆ, ಉಪಕಾರ ಸ್ಮರಣೆ ಮಾತ್ರ ಕಾಣೆ.

ನಾವು: ದಾರಿಯ ಲೆಕ್ಕ ಹೇಗೆ ಹಾಕುತ್ತೀರಿ? ಪುತ್ತೂರಿನಿಂದ ಸುಳ್ಯಕ್ಕೆ ಸುಮಾರು 35 ಕಿಲೋಮೀಟರ್.

ಫಾರ್ಮ್-4: ಸುಲಭ. ಕುಂಬ್ರ, ಕಾವು, ಜಾಲ್ಸೂರು, ಸುಳ್ಯ. ನಾಲ್ಕು ಹೆಸರು, ನಾಲ್ಕು ಗೆರೆ.

ನಾವು: ನಡುವೆ ಕೈ ಅಡ್ಡ ಹಿಡಿದವರು?

ಫಾರ್ಮ್-4: ನನ್ನಲ್ಲಿ ಕೈಗೆ ಕಾಲಂ ಇಲ್ಲ.

ನಾವು: 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಟಿಕೆಟ್ ದರ ಇಲ್ಲ. ಬಸ್ಸು ತುಂಬಿ ಹೋಗುತ್ತಿದೆ. ಹತ್ತಲು ಹೊತ್ತು, ಆಧಾರ್ ನೋಡಲು ಹೊತ್ತು, ಶೂನ್ಯ ಟಿಕೆಟ್ ಹರಿದು ಕೊಡಲು ಹೊತ್ತು. ಬೆಳಿಗ್ಗೆ ಕಾಲೇಜು ಮಕ್ಕಳು ಫುಟ್‌ಬೋರ್ಡಿನಲ್ಲಿ ನೇತಾಡುತ್ತಾರೆ, ಅವರನ್ನು ಒಳಗೆ ತಳ್ಳಲು ಇನ್ನಷ್ಟು ಹೊತ್ತು. ಆ ನಿಮಿಷಗಳನ್ನು ಸೇರಿಸಿಕೊಂಡಿರಾ?

ಫಾರ್ಮ್-4: ಶೂನ್ಯ ಟಿಕೆಟ್ಟಿಗೆ ಶೂನ್ಯ ನಿಮಿಷ. ಲೆಕ್ಕ ಸರಿಯಿದೆಯಲ್ಲ?

(ಈ ಲೆಕ್ಕಾಚಾರದ ಎದುರು ಸಂದರ್ಶಕ ಕೆಲಹೊತ್ತು ಸುಮ್ಮನಿದ್ದ. ಯೋಜನೆಯನ್ನು ಹೊಗಳುವವರೂ ತೆಗಳುವವರೂ ದುಡ್ಡಿನ ಲೆಕ್ಕವನ್ನೇ ಹಾಕುತ್ತಾರೆ. ಬಾಗಿಲ ಬಳಿ ಕಳೆಯುವ ನಿಮಿಷಗಳು ಕಂಡಕ್ಟರನ ಖಾತೆಗೆ ಬೀಳುತ್ತಿವೆ.)

ನಾವು: ಮಳೆಗಾಲದಲ್ಲಾದರೂ ಸಮಯ ಹೆಚ್ಚಿಸುತ್ತೀರಾ?

ಫಾರ್ಮ್-4: ಮಳೆ ನನ್ನ ವ್ಯಾಪ್ತಿಗೆ ಬರುವುದಿಲ್ಲ.

ನಾವು: ಹೊಸ್ಮಠದಲ್ಲಿ ಹೊಸ ಸೇತುವೆ ಆಗುವ ತನಕ ಹಳೆ ಮುಳುಗು ಸೇತುವೆಯ ಮೇಲೆ ಗುಂಡ್ಯ ಹೊಳೆ ಹರಿಯುತ್ತಿತ್ತು. ಉಪ್ಪಿನಂಗಡಿಯಿಂದ ಹೊರಟ ಬಸ್ಸು ಈಚೆ ದಡದಲ್ಲಿ ನಿಂತು, ನೀರು ಇಳಿಯುವುದನ್ನು ಕಾಯುತ್ತಿತ್ತು. ಆಗ ನೀವು?

ಫಾರ್ಮ್-4: ನನ್ನ ಪ್ರಕಾರ ಬಸ್ಸು ಆ ಹೊತ್ತಿಗೆ ಕಡಬದಲ್ಲಿತ್ತು.

ನಾವು: ಬಸ್ಸಿನೊಳಗೆ ಕೂತವರ ಪ್ರಕಾರ?

ಫಾರ್ಮ್-4: ಅವರು ಫಾರ್ಮ್ ಅಲ್ಲ ಮಾರಾಯ್ರೆ.

ನಾವು: ಕಡಬ ಈಗ ತಾಲೂಕು. ಪುತ್ತೂರಿನದ್ದೂ ಸುಳ್ಯದ್ದೂ ಗ್ರಾಮಗಳನ್ನು ತೆಗೆದು ಮಾಡಿದ್ದು. ಕಚೇರಿ ಕೆಲಸಕ್ಕೆ ಜನ ಆ ಕಡೆ ತಿರುಗಿದ್ದಾರೆ. ನಿಮ್ಮ ಟ್ರಿಪ್ಪುಗಳೂ ತಿರುಗಬೇಡವೇ?

ಫಾರ್ಮ್-4: ತಿರುಗಿಸಿದ್ದೇವೆ. ಇದ್ದ ಬಸ್ಸಿಗೇ ಒಂದು ಟ್ರಿಪ್ ಹೆಚ್ಚು ಬರೆದಿದ್ದೇವೆ. ಊರಿನವರು ಮನವಿ ಕೊಟ್ಟರು, ಶಾಸಕರ ಪತ್ರ ಬಂತು, ಟ್ರಿಪ್ ಆಯಿತು. ಪಟಾಕಿ ಹೊಡೆದು ಡ್ರೈವರಿಗೆ ಹಾರ ಹಾಕಿದರು. ಆ ಟ್ರಿಪ್ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಅವನ ಊಟದ ಬಿಡುವಿನಿಂದ ಬಂತು.

ಇಷ್ಟು ಹೊತ್ತೂ ಪಕ್ಕದ ಬೆಂಚಿನಲ್ಲಿ ಬಾಟಲಿ ನೀರು ಕುಡಿಯುತ್ತಿದ್ದ ಡ್ರೈವರೊಬ್ಬರು ನಡುವೆ ಬಾಯಿ ಹಾಕಿದರು. ಬಾಗಲಕೋಟೆ ಕಡೆಯವರು. ಈ ಭಾಗದ ಡಿಪೋಗಳಲ್ಲಿ ಡ್ರೈವರ್ ಕಂಡಕ್ಟರುಗಳು ಬಹಳಷ್ಟು ಮಂದಿ ಉತ್ತರ ಕರ್ನಾಟಕದವರೇ. “ಅದಕ್ಕೇನ್ ಕೇಳ್ತೀರಿ ಸರ, ಹಾಳಿಗೆ ಹಸಿವಿ ಇರ್ತೈತೇನು? ಲೇಟ್ ಆದ್ರ ಮೆಮೊ. ಟ್ರಿಪ್ ಕಟ್ ಆದ್ರ ಮೆಮೊ. ಟೈಮ್ ಹಿಡಿಯಾಕ ಜೋರಾಗಿ ಓಡಿಸಿದ್ರ ಡೀಸೆಲ್ ಜಾಸ್ತಿ, ಲೀಟರಿಗೆ ಇಷ್ಟ್ ಕಿಲೋಮೀಟರ್ ಅನ್ನೋ ಕೆಎಂಪಿಎಲ್ ಬರಂಗಿಲ್ಲ, ಅದಕ್ಕೂ ಮೆಮೊ. ಇನ್ನ ಎಲ್ಲಾರ ತಾಗಿಸಿದ್ವಿ ಅಂದ್ರ, ಇಷ್ಟ್ ಜೋರ್ ಯಾಕ್ ಹೊಡದಿ ಅಂತ ಕೇಳ್ತಾರ.”

ಫಾರ್ಮ್-4: ನೋಡಿದಿರಾ, ಇವರಿಗೆ ಮಾತಾಡಲು ಸಮಯ ಉಂಟು. ಇನ್ನೊಂದು ಟ್ರಿಪ್ ಹಿಡಿಸುತ್ತದೆ ಎಂದಾಯಿತು.

ನಾವು: ಊರಿಗೆ ಹೋಗಲು ಇವರಿಗೆ ರಜೆ?

ಫಾರ್ಮ್-4: ರಜೆ ಬೇರೆ ಪುಸ್ತಕ. ಊರ ಹತ್ತಿರಕ್ಕೆ ವರ್ಗ ಕೇಳುತ್ತಾರೆ. 1997ರಲ್ಲಿ ನಿಗಮ ಒಡೆದು ಆ ಕಡೆಗೆ ವಾಯವ್ಯ ನಿಗಮ ಬೇರೆಯಾಯಿತು. ಹಾಗಾಗಿ ಅದು ಬರೀ ವರ್ಗವಲ್ಲ, ಅಂತರ ನಿಗಮ ವರ್ಗಾವಣೆ. ಇವರು ಬಾಗಲಕೋಟೆಗೆ ಹೋದರೆ ನನ್ನ ಶೆಡ್ಯೂಲಿಗೆ ಯಾರು? ಇಲ್ಲಿನ ಹುಡುಗರನ್ನು ಕರೆದರೆ ಗಲ್ಫ್ ತೋರಿಸುತ್ತಾರೆ. ಅದಕ್ಕೇ ಏಜೆನ್ಸಿಯ ಮೂಲಕ ಗುತ್ತಿಗೆ ಚಾಲಕರು ಬಂದರು. ಅವರು ನನಗೆ ಇನ್ನೂ ಇಷ್ಟ. ಜಗಳವಾಡಲು ಅವರು ನಿಗಮದ ಹತ್ತಿರ ಹೋದರೆ ಏಜೆನ್ಸಿಗೆ ಹೋಗಿ ಅನ್ನುತ್ತಾರೆ, ಏಜೆನ್ಸಿಗೆ ಹೋದರೆ ಡಿಪೋಗೆ ಹೋಗಿ ಅನ್ನುತ್ತಾರೆ. ಆ ಓಡಾಟದ ಕಿಲೋಮೀಟರ್ ಯಾವ ಫಾರ್ಮಿನಲ್ಲೂ ಬರುವುದಿಲ್ಲ.

ನಾವು: ರಾತ್ರಿ ಹಾಲ್ಟಿನ ವಿಷಯ ಹೇಳಿ. ಕೊನೆ ಬಸ್ಸು ಕೊಲ್ಲಮೊಗ್ರದಂಥ ಊರಿಗೆ ಹೋಗಿ ಅಲ್ಲೇ ನಿಂತಿತು ಎಂದಿಟ್ಟುಕೊಳ್ಳಿ.

ಫಾರ್ಮ್-4: ಚಂದದ ಶೆಡ್ಯೂಲ್ ಅದು! ರಾತ್ರಿ 9ಕ್ಕೆ ಮುಟ್ಟಬೇಕು, ಬೆಳಿಗ್ಗೆ 6ಕ್ಕೆ ಹೊರಡಬೇಕು. ಎಣಿಸಿ, 9 ಗಂಟೆ. ಹಳೆ ಕಾಯ್ದೆ ಹೇಳಿದ ವಿಶ್ರಾಂತಿ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆಯಿಲ್ಲ.

ನಾವು: ಅದರಲ್ಲಿ ಊಟ, ಸ್ನಾನ, ಬಸ್ಸು ಗುಡಿಸುವುದು?

ಫಾರ್ಮ್-4: ಸೊಳ್ಳೆಯೂ ಸೇರಿ.

ನಾವು: ಬಸ್ಸು ಮುಟ್ಟುವಾಗ ಹತ್ತಾಗಿದ್ದರೆ?

ಫಾರ್ಮ್-4: (ಗಂಟಲು ಸರಿಮಾಡಿಕೊಂಡು) 9ಕ್ಕೆ ಮುಟ್ಟಿದೆ.

ನಾವು: ನೌಕರರು ಮುಷ್ಕರವನ್ನೂ ಮಾಡಿ ನೋಡಿದರು. 2021ರ ಏಪ್ರಿಲ್ 7ರಿಂದ 21ರವರೆಗೆ ಬಸ್ಸುಗಳು ನಿಂತವು. 2025ರ ಆಗಸ್ಟ್ 5ರಂದು ಮತ್ತೆ ನಿಂತವು, ಹೈಕೋರ್ಟಿನ ಮಾತಿನ ಮೇಲೆ ಕೂಡಲೇ ಹೊರಟವು. ನಿಮಗೆ ಹೆದರಿಕೆ ಆಗಲಿಲ್ಲವೇ?

ಫಾರ್ಮ್-4: ಎಂತ ಹೆದರಿಕೆ? 2021ರಲ್ಲಿ ಆರನೇ ವೇತನ ಆಯೋಗದ ಮಾತು. 2025ರಲ್ಲಿ 38 ತಿಂಗಳ ಹಿಂಬಾಕಿಯ ಮಾತು. ದುಡ್ಡಿನ ಮಾತು ತಪ್ಪು ಅಂತ ಅಲ್ಲ, ಹೊಟ್ಟೆಗೆ ಬೇಕಲ್ಲ. ಆದರೆ ಪೇಪರಿನ ತಲೆಬರಹದಲ್ಲಿ ನನ್ನ ಹೆಸರು ಬರಲೇ ಇಲ್ಲ. ಸಂಬಳ ಎಷ್ಟು ಎಂದು ಎಲ್ಲರೂ ಕೇಳ್ತಾರೆ, ಎಷ್ಟು ಗಂಟೆಗೆ ಎಂದು ಕೇಳುವವರಿಲ್ಲ. ಸಂಬಳ ಏರಲಿ, ನಾನು ಒಂದು ಟ್ರಿಪ್ ಏರಿಸಿದರೆ ಆಯ್ತು, ಗಂಟೆಯ ಲೆಕ್ಕದಲ್ಲಿ ಹಳೇ ಸಂಬಳವೇ. ಮುಷ್ಕರ ಮುಗಿದ ಮರುದಿನ ಮೊದಲ ಬಸ್ಸು ಹೊರಟದ್ದು ನನ್ನನ್ನು ನೋಡಿಯೇ.

ಇದನ್ನು ಹೇಳುವಾಗ ಅದರ ದನಿಯಲ್ಲಿ ಹೆಮ್ಮೆ ಇತ್ತು. ಈ ಒಂದು ಮಾತನ್ನು ಮಾತ್ರ ನಾವು ಅಡ್ಡಪ್ರಶ್ನೆ ಹಾಕದೆ ಒಪ್ಪಿಕೊಂಡೆವು.

ನಾವು: ಯುರೋಪಿನಲ್ಲಿ ದೂರದ ಬಸ್ಸು, ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಇಡುತ್ತಾರೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕೊಡಲೇಬೇಕು. ಓಡಿಸಿದ್ದು, ನಿಲ್ಲಿಸಿದ್ದು ಎಲ್ಲ ಅದು ಬರೆದಿಡುತ್ತದೆ. ನಮ್ಮಲ್ಲೂ ಬಂದರೆ?

ಫಾರ್ಮ್-4: ಆ ಹೆಸರು ಎತ್ತಬೇಡಿ. ನಮ್ಮ ಕುಲಕ್ಕೆ ಆಗದವ ಅವನು. ದೇವರ ದಯೆಯಿಂದ ಇಲ್ಲಿ ಅಂಥ ಯಂತ್ರ ಇಲ್ಲ.

ನಾವು: ಕಂಡಕ್ಟರ್ ಹೆಗಲಲ್ಲಿ ಇರುವುದೇನು?

ಫಾರ್ಮ್-4: ಟಿಕೆಟ್ ಮಿಷನ್.

ನಾವು: ಅದು ಕೊಡುವ ಪ್ರತಿ ಟಿಕೆಟ್ಟಿನ ಮೇಲೆ ಏನೇನು ಅಚ್ಚಾಗುತ್ತದೆ?

ಫಾರ್ಮ್-4: ಎಲ್ಲಿಂದ ಎಲ್ಲಿಗೆ. ದರ. ತಾರೀಕು. ಮತ್ತೆ... (ಮೂಲೆ ಮಡಚಿಕೊಂಡಿತು.)

ನಾವು: ಗಂಟೆ, ನಿಮಿಷ. ಶೂನ್ಯ ಟಿಕೆಟ್ಟಿನ ಮೇಲೂ. ಅಂದರೆ ಬಸ್ಸು ಕುಂಬ್ರದಲ್ಲಿ ಎಷ್ಟು ಹೊತ್ತಿಗೆ ಇತ್ತು, ಜಾಲ್ಸೂರಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದು ದಿನಾ ನಿಮ್ಮದೇ ನಿಗಮದ ಲೆಕ್ಕದಲ್ಲಿ ಸೇರುತ್ತಿದೆ. ಅದನ್ನು ನಿಮ್ಮ ಪಕ್ಕದಲ್ಲಿಟ್ಟು ಯಾರೂ ಓದಿಲ್ಲ, ಅಷ್ಟೇ.

ಫಾರ್ಮ್-4: ಎಂತ ಮಾರಾಯ್ರೆ ನೀವು! ಮಿಷನ್ ಇರುವುದು ದುಡ್ಡು ಎಣಿಸಲಿಕ್ಕೆ. ಅದರ ಹತ್ತಿರ ಸಮಯ ಕೇಳಿದರೆ ಸಂಸಾರದಲ್ಲಿ ಜಗಳ ಹುಟ್ಟುತ್ತದೆ.

ನಾವು: ನಿಮಗೆ ನಿಜವಾಗಿ ಭಯ ಯಾರದ್ದು? ಘೋಷಣೆ ಕೂಗುವವರದ್ದೇ?

ಫಾರ್ಮ್-4: ಕೂಗಿದರೆ ಗಂಟಲು ನೋಯುತ್ತದೆ, ನನಗಲ್ಲ. ಭಯ ಸುಮ್ಮನೆ ಬರೆಯುವವನದ್ದು. ಕೆಲವರು ಇದ್ದಾರೆ. ಬಸ್ಸು ಮುಟ್ಟಿದ ಕೂಡಲೇ ಟಿಸಿಯ, ಅಂದರೆ ಸಂಚಾರ ನಿಯಂತ್ರಕನ, ಹತ್ತಿರ ಹೋಗಿ ಲಾಗ್‌ಶೀಟಿನಲ್ಲಿ ನಿಜವಾದ ಸಮಯ ಹಾಕಿಸಿ ಸಹಿ ಮಾಡಿಸುತ್ತಾರೆ. ತಡವಾದರೆ ಯಾಕೆ ಎಂದು ಒಂದು ಸಾಲು. ಮೆಮೊ ಬಂದರೆ ಸಿಟ್ಟು ಮಾಡದೆ, ಇಂಥ ತಾರೀಕು ಇಂಥ ಟ್ರಿಪ್ ಇಷ್ಟು ಹೊತ್ತಿಗೆ ಎಂದು ಬರೆದು ಕೊಟ್ಟು ಸ್ವೀಕೃತಿ ಪಡೆಯುತ್ತಾರೆ. ಮತ್ತೆ ಹತ್ತು ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕಿನಲ್ಲಿ ಆ ಮಿಷನ್ನಿನ ಸಮಯವನ್ನೇ ಕೇಳುತ್ತಾರೆ. 30 ದಿನದಲ್ಲಿ ಉತ್ತರ ಕೊಡಬೇಕು. ಅದನ್ನೂ ನನ್ನನ್ನೂ ಒಟ್ಟಿಗೆ ಹಿಡಿದು ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಇಟ್ಟರೆ ನಾನು ಬರೀ ಹಾಳೆ. ಒಬ್ಬನೇ ಇಟ್ಟರೆ ಅವನ ಶೆಡ್ಯೂಲ್ ಬದಲಾಗುತ್ತದೆ, ದೂರದ ರೂಟಿಗೆ. ಇಡೀ ಡಿಪೋದವರು ಒಂದು ತಿಂಗಳ ಲಾಗ್‌ಶೀಟ್ ಹಿಡಿದು ಬಂದರೆ ಎಲ್ಲರನ್ನೂ ಎಲ್ಲಿಗೆ ಕಳಿಸುವುದು?

ನಾವು: ಇಷ್ಟೆಲ್ಲ ನೀವೇ ಹೇಳಿಬಿಟ್ಟಿರಿ.

ಫಾರ್ಮ್-4: ಅಯ್ಯೋ, ನಾನು ಹೇಳಿದ್ದೆಂದು ಹಾಕಬೇಡಿ. ನನಗೆ ಮೆಮೊ ಬಂದೀತು.

ನಾವು: ಹಾಳೆಗೂ ಮೆಮೊ ಕೊಡುತ್ತಾರೆಯೇ?

ಫಾರ್ಮ್-4: ಕೊಡ್ತಾರೆ. ಅದಕ್ಕೆ ಪರಿಷ್ಕರಣೆ ಅಂತ ಹೆಸರು. ನನ್ನ ಸರ್ವಿಸಿನಲ್ಲಿ ಇದುವರೆಗೆ ಒಂದೂ ಬಂದಿಲ್ಲ.