ಎಲ್ಲಕ್ಕೂ ಹಲ್ಲೇ ಕಾರಣ

ನಮ್ಮ ಮನೆಯಲ್ಲಿ ಮಗುವಿಗೆ ಏನೇ ಆಗಲಿ, ಅದಕ್ಕೆ ಹಲ್ಲೇ ಕಾರಣ. ಮೈ ಬಿಸಿಯಾದರೆ ಹಲ್ಲು, ಹೊಟ್ಟೆ ಕೆಟ್ಟರೆ ಹಲ್ಲು, ರಾತ್ರಿಯಿಡೀ ರಚ್ಚೆ ಹಿಡಿದರೂ ಹಲ್ಲು. ಈ ವಾದಕ್ಕೆ ಸೋಲೇ ಇಲ್ಲ. ಆರು ತಿಂಗಳ ಆಸುಪಾಸಿಗೆ ಶುರುವಾಗಿ ಎರಡೂವರೆ ವರ್ಷದ ಹೊತ್ತಿಗೆ 20 ಹಾಲುಹಲ್ಲು ಬರಬೇಕಲ್ಲ, ಯಾವಾಗ ಬಾಯಿ ತೆರೆದು ನೋಡಿದರೂ ಒಂದಲ್ಲ ಒಂದು ಹೊಸ್ತಿಲಲ್ಲಿ ನಿಂತೇ ಇರುತ್ತದೆ! ಅದೇ ವಯಸ್ಸಿನಲ್ಲಿ ಕೂಸು ಅಂಬೆಗಾಲಿಟ್ಟು ಹೋಗಿ ನನ್ನ ಚಪ್ಪಲಿ ಚೀಪುತ್ತದೆ. ಆದರೆ ಚಪ್ಪಲಿ ನಿರಪರಾಧಿ.

ಹೋದ ಬೇಸಿಗೆಯಲ್ಲಿ ಹನ್ನೊಂದು ತಿಂಗಳ ಮೊಮ್ಮಗಳಿಗೆ ಭೇದಿ ಹತ್ತಿಕೊಂಡಿತು. "ಮೇಲಿನ ಹಲ್ಲು ರೀ" ಎಂದಳು ನಮ್ಮಾಕೆ. ದಾವಣಗೆರೆಯಿಂದ ವಿಡಿಯೊ ಕಾಲಿನಲ್ಲಿದ್ದ ಬೀಗಿತ್ತಿ, "ಹಲ್ಲಿನ ಜೊತೆ ದೃಷ್ಟೀನೂ ಐತಿ" ಎಂದು ತಿದ್ದುಪಡಿ ತಂದರು. ಕಲ್ಲುಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಎಂದು ಲೆಕ್ಕ. ನಾನು ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಳ್ಳುತ್ತಿದ್ದರೂ, "ನೋಡಿದ್ರಾ, ಘಾಟೇ ಇಲ್ಲ!" ಎಂದು ಇಬ್ಬರದೂ ಒಮ್ಮತದ ತೀರ್ಪು.

ನನ್ನದೋ ವಿಜ್ಞಾನದ ಪಕ್ಷ. ಓಆರ್‌ಎಸ್ ತಂದೆ. 1971ರಲ್ಲಿ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದೆ ಬಂದಾಗ, ಡಾ. ದಿಲೀಪ್ ಮಹಾಲನಬೀಸ್ ಉಪ್ಪು–ಗ್ಲೂಕೋಸಿನ ನೀರನ್ನೇ ಕುಡಿಸಿ ಜೀವ ಉಳಿಸಿದ ಕಥೆಯನ್ನು ಸೊಸೆಗೆ ಹೇಳುತ್ತಾ ಹೇಳುತ್ತಾ ಇಡೀ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದೆ.

"ಮಾವ, ಒಂದು ಲೀಟರ್ ನೀರಿಗೆ ಅಂತ ಬರೆದಿದೆ. ಹೀಗೆ ಕೊಟ್ಟರೆ ಉಪ್ಪು ಹೆಚ್ಚಾಗಿ ಮಗುಗೇ ಅಪಾಯ" ಎಂದಳು ಮೆಲ್ಲಗೆ. ಲೋಟದ ನೀರು ಸಿಂಕಿಗೆ ಹೋಯಿತು, ಹಿಂದೆಯೇ ನನ್ನ ವಿಜ್ಞಾನವೂ.

ಸಂಜೆಗೆ ಮಗು ಬಾಡಿತು. ಆಡುವುದಿರಲಿ, ಅಳುವುದಕ್ಕೂ ಬೇಸರ. ಸೊಸೆ ಯಾರನ್ನೂ ಕೇಳದೆ ಆಟೊ ಕರೆದಳು.

ಡಾಕ್ಟರಮ್ಮನ ಮುಂದೆ ಭೇದಿ ಏಳೋ ಎಂಟೋ ಎಂದು ನನಗೂ ನಮ್ಮಾಕೆಗೂ ಜಟಾಪಟಿ. ಆಕೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಉಚ್ಚೆ ಮಾಡಿ ಎಷ್ಟು ಹೊತ್ತಾಯ್ತು?" ಎಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಿಗ್ಗೆ ಹನ್ನೊಂದಕ್ಕೆ ಚಡ್ಡಿ ಬದಲಾಯಿಸಿದ್ದೇ ಕೊನೆ; ಈಗ ಆರೂವರೆ. ಹೊಟ್ಟೆಯ ಚರ್ಮ ಮೆಲ್ಲಗೆ ಹಿಡಿದೆತ್ತಿ ಬಿಟ್ಟರು. ಅದು ಸರ್ರನೆ ಕೂರಲಿಲ್ಲ, ಸಾವಕಾಶವಾಗಿ ಮಡಿಕೆ ಬಿಚ್ಚಿತು.

"ಆರು ಗಂಟೆಯಾದ್ರೂ ಉಚ್ಚೆ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿಬಿದ್ದಿದೆ, ಕುಡಿದಿದ್ದೆಲ್ಲ ವಾಂತಿ, ಭೇದೀಲಿ ರಕ್ತ, ಮಗು ಮಂಕು... ಒಂದು ಕಂಡರೂ ಹಲ್ಲಿಗೆ ಕಾಯಬೇಡಿ, ಬನ್ನಿ." ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೂ ಸಾಕು, ಆಗಿಂದಾಗಲೇ ಹೊರಡಬೇಕಂತೆ. ಕೆಮ್ಮಾದಾಗ ಮಗು ಸುಮ್ಮನಿರುವ ಹೊತ್ತು ನೋಡಿ ಪೂರಾ ಒಂದು ನಿಮಿಷ ಉಸಿರು ಎಣಿಸಬೇಕಂತೆ. ಇವಳ ವಯಸ್ಸಿಗೆ 50 ಮುಟ್ಟಿದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಒಳಕ್ಕೆ ಸೆಳೆದರೆ ತಡಮಾಡುವಂತಿಲ್ಲ.

ನಾಲ್ಕು ಗಂಟೆ ಅಲ್ಲೇ ಕೂತು ಚಮಚ ಚಮಚವಾಗಿ ಓಆರ್‌ಎಸ್ ಕುಡಿಸಿದೆವು. ಹತ್ತರ ಹೊತ್ತಿಗೆ ನನ್ನ ತೊಡೆ ಬೆಚ್ಚಗಾಯಿತು. ಪಂಚೆ ಒದ್ದೆಯಾಗಿದ್ದಕ್ಕೆ ಮೂವರೂ ಕುಣಿದಾಡಿದ್ದನ್ನು ಕಂಡು ಪಕ್ಕದ ಬೆಂಚಿನವರು ಕೊಂಚ ಸರಿದು ಕೂತರು.

ಜಿಂಕ್ ಔಷಧಿಯ ಹದಿನಾಲ್ಕು ದಿನ ಮುಗಿದು ವಾರವಾಗಿತ್ತು. ಮೇಲಿನ ಒಸಡಿನಲ್ಲಿ ಬಿಳಿಯ ಚುಕ್ಕೆ ಇಣುಕಿತು. ಅರ್ಧ ಗಂಟೆಯಲ್ಲಿ ದಾವಣಗೆರೆಯ ಫೋನು:

"ನಾ ಅವತ್ತೇ ಹೇಳಿದ್ನೋ ಇಲ್ಲೋ, ಬೀಗ್ರೇ?"